ಒಂದೇ ಸಲ ಅಳೆದದ್ದು

ಹೋಳಿಯ ಬಣ್ಣವಾಡುವ ಧೂಳಿವಂದನದ ದಿನ ಮಧ್ಯಾಹ್ನ ಎರಡು ಗಂಟೆಗೆ, ಕುಡಿದು ಕಾರು ಓಡಿಸುತ್ತಿದ್ದೇನೆಂದು ಪೊಲೀಸರು ನನ್ನನ್ನು ಹಿಡಿದರು. ಆಗ ನನ್ನ ಹೊಟ್ಟೆಯಲ್ಲಿದ್ದದ್ದು ಮೂರು ಹೋಳಿಗೆ, ಒಂದು ಲೋಟ ಮಜ್ಜಿಗೆ ಮತ್ತು ಹಲ್ಲುನೋವಿನ ಒಂದು ಮಾತ್ರೆ.

ಆ ದಿನ ಬೆಳಿಗ್ಗೆ ನಾನೂ ಹೆಂಡತಿಯೂ ಮುಂಬಯಿಯ ದಹಿಸರಿನಲ್ಲಿರುವ ಅವಳ ಅಕ್ಕನ ಮನೆಗೆ ಹೋಗಿದ್ದೆವು. ಮೂರು ದಿನದ ಹಿಂದಷ್ಟೇ ಒಂದು ದವಡೆ ಹಲ್ಲು ಕೀಳಿಸಿಕೊಂಡಿದ್ದ ನನಗೆ ಬಣ್ಣವಾಡುವ ಉಮೇದು ಇರಲಿಲ್ಲ. ಊಟವಾದ ಮೇಲೆ ಅಕ್ಕತಂಗಿಯರು ಮಾತಿಗೆ ಕೂತರು. ಅದು ಸಂಜೆಗೆ ಮುಂಚೆ ಮುಗಿಯುವ ಮಾತಲ್ಲವೆಂದು ಗೊತ್ತಿದ್ದರಿಂದ ನಾನು ಮಲಾಡಿನ ಮನೆಗೆ ಹೋಗಿ ಮಲಗುತ್ತೇನೆಂದು ಒಬ್ಬನೇ ಹೊರಟೆ. ಹೊರಡುವ ಮುಂಚೆ, ಅವರ ಬಿಲ್ಡಿಂಗಿನ ಗೇಟಿನ ಪಕ್ಕದ ಮೋರಿಯ ಹತ್ತಿರ ನಿಂತು, ಹಲ್ಲಿನ ಡಾಕ್ಟರು ಬರೆದುಕೊಟ್ಟಿದ್ದ ಔಷಧಿಯಿಂದ ಬಾಯಿ ಮುಕ್ಕಳಿಸಿದೆ. ಹಲ್ಲು ಕಿತ್ತ ಜಾಗದಲ್ಲಿ ಹೋಳಿಗೆಯ ಹೂರಣ ಸೇರಿಕೊಂಡಿತ್ತು. ಆದ್ದರಿಂದ ಎರಡು ಸಲ ಮುಕ್ಕಳಿಸಿದೆ.

ಹೆದ್ದಾರಿಯಲ್ಲಿ ಐದು ನಿಮಿಷ ಹೋಗುವಷ್ಟರಲ್ಲಿ ಒಂದು ಮೇಲ್ಸೇತುವೆಯ ಕೆಳಗೆ ನಾಕಾಬಂದಿ. ಹಸಿರು, ಗುಲಾಬಿ ಬಣ್ಣ ಬಳಿದುಕೊಂಡಿದ್ದ ಬೈಕಿನವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಇಡೀ ಸಾಲಿನಲ್ಲಿ ಮೈಮೇಲೆ ಬಣ್ಣವಿಲ್ಲದವನು ನಾನೊಬ್ಬನೇ. ಹವಾಲ್ದಾರ ಕಿಟಕಿಯೊಳಗೆ ಯಂತ್ರ ಚಾಚಿದ.

"ಕಾಕಾ, ಜೋರ್ ಸೇ ಫೂಂಕೋ."

ಊದಿದೆ. ಯಂತ್ರ ಕೀಚ್ ಎಂದಿತು. ಹವಾಲ್ದಾರ ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಸಬ್ ಇನ್‌ಸ್ಪೆಕ್ಟರನ್ನು ಕರೆದ. ಯಂತ್ರದಿಂದ ಹೊರಬಂದ ಚೀಟಿಯಲ್ಲಿ ಐವತ್ತೆರಡು ಎಂದಿತ್ತು. ಕಾನೂನಿನ ಮಿತಿ ಮೂವತ್ತು.

ಇಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ನಾನು ಮಂಡ್ಯದ ಕಡೆಯವನು. ರಸಾಯನಶಾಸ್ತ್ರ ಓದಿ ಮುಂಬಯಿಗೆ ಬಂದು, ಮೂವತ್ತೊಂದು ವರ್ಷ ಒಂದು ಔಷಧಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದವನು. ಕೊನೆಯ ಹದಿನಾಲ್ಕು ವರ್ಷ ನನ್ನ ಜವಾಬ್ದಾರಿ ಒಂದೇ: ತಕ್ಕಡಿ, ಥರ್ಮಾಮೀಟರು, ಒತ್ತಡದ ಗೇಜು ಇತ್ಯಾದಿ ಅಳೆಯುವ ಸಾಧನಗಳೆಲ್ಲ ಸರಿಯಾಗಿ ಅಳೆಯುತ್ತಿವೆಯೇ ಎಂದು ಗೊತ್ತಾದ ದಿನಗಳಂದು ಪರೀಕ್ಷಿಸಿ, ರಿಜಿಸ್ಟರಿನಲ್ಲಿ ಬರೆದು, ಸಾಧನಕ್ಕೆ ಸ್ಟಿಕರ್ ಅಂಟಿಸುವುದು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಆದ್ದರಿಂದ ಆ ಹವಾಲ್ದಾರನ ಕೈಯಲ್ಲಿದ್ದ ಯಂತ್ರದಲ್ಲಿ ನಾನು ಮೊದಲು ನೋಡಿದ್ದು ಐವತ್ತೆರಡನ್ನಲ್ಲ, ಅದರ ಸ್ಟಿಕರನ್ನು. ಸ್ಟಿಕರ್ ಇತ್ತು. ದಿನಾಂಕ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು.

"ಇನ್ನೊಂದು ಸಲ ಅಳೀರಿ," ಎಂದೆ ಹಿಂದಿಯಲ್ಲಿ.

ಸಬ್ ಇನ್‌ಸ್ಪೆಕ್ಟರಿಗೆ ಮೂವತ್ತು ವರ್ಷವೂ ಇರಲಾರದು. ಮಾತು ಮೆತ್ತಗಿತ್ತು. "ಒಂದು ಸಲ ಬಂತಲ್ಲ ಕಾಕಾ. ಎಲ್ಲರೂ ಇನ್ನೊಂದು ಸಲ ಅಂತಾರೆ."

"ಒಂದು ಸಲ ಅಳೆದದ್ದನ್ನು ಅಳತೆ ಅನ್ನೋದಿಲ್ಲ. ಮೂರು ಸಲ ಅಳೆದು ಸರಾಸರಿ ತೆಗೀಬೇಕು."

ಆತ ನನ್ನನ್ನು ಕನಿಕರದಿಂದ ನೋಡಿದ. ಕುಡಿದವರು ಇಂಥ ಮಾತನ್ನೇ ಆಡುತ್ತಾರೆಂದು ನನಗೂ ಆಮೇಲೆ ಹೊಳೆಯಿತು.

ಪೊಲೀಸರು ಲೈಸೆನ್ಸ್ ತೆಗೆದುಕೊಂಡರು. ಕಾರನ್ನು ಬದಿಗೆ ನಿಲ್ಲಿಸಿದರು. ನನ್ನನ್ನು ಇನ್ನೂ ನಾಲ್ವರ ಜೊತೆ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನ ಪಕ್ಕದಲ್ಲಿದ್ದವನು ನೇರಳೆ ಬಣ್ಣದವನು. ಅವನು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ಅಂಗಿಯ ಎಡಭಾಗ ನೇರಳೆಯಾಯಿತು.

ಕಣ್ಣಿಗೆ ಬಣ್ಣ ಬಿದ್ದವರ ಸಾಲು ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬಂದಿತ್ತು. ನಡುವೆ ಬಿಡುವು ಮಾಡಿಕೊಂಡು ಒಬ್ಬ ಡಾಕ್ಟರಮ್ಮ ನನ್ನನ್ನು ನೇರ ಗೆರೆಯ ಮೇಲೆ ನಡೆಸಿದರು, ಹೆಸರು ಕೇಳಿದರು, ಬಾಯಿ ತೆರೆಸಿದರು. ಫಾರ್ಮಿನಲ್ಲಿ ನಡಿಗೆ ಸರಿ, ಮಾತು ಸರಿ, ವಾಸನೆ ಇದೆ ಎಂದು ಬರೆದರು.

"ಅದು ಪುದೀನದ ವಾಸನೆ," ಎಂದೆ.

"ಯಾವುದರದ್ದು ಅಂತ ಬರೆಯೋಕೆ ಇಲ್ಲಿ ಕಾಲಂ ಇಲ್ಲ," ಎಂದರು.

ರಕ್ತ ಪರೀಕ್ಷೆ ಮಾಡಿ ಎಂದು ಕೇಳಿಕೊಂಡೆ. ರಕ್ತ ತೆಗೆಯುವವರು ಹಬ್ಬದ ರಜೆಯಲ್ಲಿದ್ದರು. ಚೀಟಿ ಇದೆಯಲ್ಲ, ಸಾಕು ಎಂದ ಸಬ್ ಇನ್‌ಸ್ಪೆಕ್ಟರ್. ಸಂಜೆ ನನ್ನ ಷಡ್ಡಕ ಬಂದು ಕಾಗದಕ್ಕೆ ಸಹಿ ಹಾಕಿ ನನ್ನನ್ನೂ ಕಾರನ್ನೂ ಬಿಡಿಸಿಕೊಂಡರು. ನಮ್ಮ ಮನೆಯ ಮುಂದೆ ಇಳಿಯುವಾಗ, "ಮನೇಲೇ ಇತ್ತಲ್ಲ, ಕೇಳಿದ್ರೆ ನಾನೂ ಕೂತ್ಕೋತಿದ್ದೆ," ಎಂದರು. ಅವರಿಗೆ ಸ್ವಲ್ಪ ಬೇಸರವಾದಂತಿತ್ತು.

ನಾನು ಮದ್ಯ ಮುಟ್ಟದ ಸಂತನಲ್ಲ. ವರ್ಷಕ್ಕೊಂದೆರಡು ಸಲ ಕಂಪನಿಯ ಊಟದಲ್ಲಿ ಒಂದು ಬಿಯರ್ ಕುಡಿದದ್ದುಂಟು. ಇದು ಹೆಂಡತಿಗೆ ಗೊತ್ತು. ಆದ್ದರಿಂದ ಅವಳು ಬಾಗಿಲು ಹಾಕಿಕೊಂಡು ನೇರವಾಗಿ ಕೇಳಿದಳು:

"ರೀ, ಒಂದೇ ಒಂದಾದ್ರೂ ಕುಡಿದ್ರಾ? ನಿಜ ಹೇಳ್ಬಿಡಿ, ನಾನೇನೂ ಅನ್ನಲ್ಲ."

"ಇಲ್ಲ ಕಣೇ."

"ಬಾಯಿ ಬಿಡಿ ನೋಡೋಣ."

ಒಂದೇ ದಿನದಲ್ಲಿ ಮೂರನೆಯವರ ಮುಂದೆ ಬಾಯಿ ಬಿಟ್ಟೆ. ಮೂಸಿ ನೋಡಿ, "ಔಷಧಿ ವಾಸನೆ," ಎಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಮಗಳು ಮಾತ್ರ ನನ್ನನ್ನು ಸಮಾಧಾನ ಮಾಡಿದಳು: "ಅಪ್ಪಾ, ಇಟ್ಸ್ ಓಕೆ ಯಾರ್. ಸಬ್ ಕೆ ಸಾಥ್ ಹೋತಾ ಹೈ. ಬಟ್ ನೆಕ್ಸ್ಟ್ ಟೈಮ್ ರಿಕ್ಷಾ ಮಾಡು."

ವಕೀಲರನ್ನು ಹುಡುಕಿಕೊಟ್ಟದ್ದು ಹೆಂಡತಿ. ಅವರು ಕಲಬುರಗಿ ಕಡೆಯವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು, ಇಲ್ಲೇ ಓದಿ ವಕೀಲರಾದವರು. ಬೊರಿವಲಿಯ ಒಂದು ಹಳೆಯ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಅವರ ಆಫೀಸು. ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು. ಹೀಗಾಗಿ ಅಲ್ಲಿಗೆ ಬಂದವರೆಲ್ಲ ಅವರೆದುರು ತಲೆ ಬಗ್ಗಿಸಿಯೇ ಇರುತ್ತಿದ್ದರು.

"ಸರ್, ತಪ್ಪು ಒಪ್ಕೊಂಡ್ರ ಹತ್ತು ಮಿನಿಟಿನ ಕೆಲಸ. ದಂಡ ಕಟ್ಟಿ ಮನಿಗಿ ಹೋಗೂದು. ಒಪ್ಕೊಳ್ಳಲಿಲ್ಲಂದ್ರ ಎರಡು ವರ್ಷ ಅಡ್ಡಾಡಬೇಕಾಗ್ತದ."

"ನಾನು ಕುಡಿದಿರಲಿಲ್ಲ."

"ಅದು ಬ್ಯಾರೆ ವಿಷಯ ಬಿಡ್ರಿ. ನಿಮಗ ಹತ್ತು ಮಿನಿಟು ಬೇಕೋ, ಎರಡು ವರ್ಷ ಬೇಕೋ?"

ಎರಡು ವರ್ಷ ಬೇಕು ಎಂದೆ. ಯಾಕೆ ಹಾಗೆಂದೆನೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಮಾನ ಹೋಯಿತೆಂದಲ್ಲ. ನಿಜ ಹೇಳಬೇಕೆಂದರೆ ಮಾನ ಏರಿತ್ತು. ಹದಿನೆಂಟು ವರ್ಷದಿಂದ ನೀರಿನ ದೂರಿಗೆ ಮಾತ್ರ ನನ್ನನ್ನು ಮಾತಾಡಿಸುತ್ತಿದ್ದ ನಮ್ಮ ಸೊಸೈಟಿಯ ಸೆಕ್ರೆಟರಿ, ಈಗ ಲಿಫ್ಟಿನಲ್ಲಿ ಸಿಕ್ಕಾಗ ಕಣ್ಣು ಮಿಟುಕಿಸಿ, ಶನಿವಾರ ಟೆರೇಸಿನಲ್ಲಿ ನಾವು ಕೆಲವರು ಸೇರುತ್ತೇವೆ, ಬನ್ನಿ ಎಂದಿದ್ದ. ನನ್ನನ್ನು ಕಾಡಿದ್ದು ಬೇರೆ. ಐವತ್ತೆರಡು ಎಂಬ ಸಂಖ್ಯೆ ಎಲ್ಲಿಂದ ಬಂತು? ಅದನ್ನು ಇನ್ನೊಂದು ಸಲ ಅಳೆಯಲಿಲ್ಲ ಯಾಕೆ?

ಮೊದಲನೆಯ ಪ್ರಶ್ನೆಗೆ ಉತ್ತರ ಎಂಟು ದಿನಗಳಲ್ಲಿ ಸಿಕ್ಕಿತು. ಹೆಂಡತಿ ಬಚ್ಚಲು ತೊಳೆಯುವಾಗ ಮುಕ್ಕಳಿಸುವ ಔಷಧಿಯ ಸೀಸೆಯನ್ನು ಎತ್ತಿಟ್ಟು, ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. "ರೀ, ಇದರಲ್ಲಿ ಆಲ್ಕೋಹಾಲ್ ಇದೆಯಂತೆ." ಇಷ್ಟು ವರ್ಷ ಔಷಧಿಯ ಸೀಸೆಗಳ ನಡುವೆ ಬದುಕಿದ ನಾನು ಅದನ್ನು ಓದಿರಲಿಲ್ಲ.

ಮರುದಿನ ಸೀಸೆಯನ್ನು ಕಾರ್ಖಾನೆಗೆ ತೆಗೆದುಕೊಂಡು ಹೋದೆ. ನಮ್ಮ ಗೇಟಿನಲ್ಲಿ ಲಾರಿ ಚಾಲಕರ ಉಸಿರು ಪರೀಕ್ಷಿಸುವ ಯಂತ್ರವೊಂದಿತ್ತು. ಅದರ ಸ್ಟಿಕರ್ ಅಂಟಿಸಿದವನು ನಾನೇ. ಊಟದ ಬಿಡುವಿನಲ್ಲಿ ಸೆಕ್ಯುರಿಟಿಯವರ ಮುಂದೆ ಬಾಯಿ ಮುಕ್ಕಳಿಸಿ ಐದು ನಿಮಿಷ ಬಿಟ್ಟು ಊದಿದೆ. ನಲವತ್ತೊಂಬತ್ತು ಬಂತು. ಹತ್ತು ನಿಮಿಷಕ್ಕೆ ಹನ್ನೊಂದು. ಹದಿನೈದು ನಿಮಿಷಕ್ಕೆ ಸೊನ್ನೆ. ಹೀಗೆ ಮೂರು ದಿನ, ಮೂರು ಸಲ ಮಾಡಿ ಪುಸ್ತಕದಲ್ಲಿ ಬರೆದುಕೊಂಡೆ. ಮೂರನೆಯ ದಿನ ನೋಡಲು ಹನ್ನೆರಡು ಜನ ಸೇರಿದ್ದರು.

ಮದ್ಯ ರಕ್ತದಲ್ಲಿರಲಿಲ್ಲ, ಬಾಯಲ್ಲಿತ್ತು. ಹದಿನೈದು ನಿಮಿಷ ಕೂರಿಸಿ ಇನ್ನೊಂದು ಸಲ ಊದಿಸಿದ್ದರೆ ಸೊನ್ನೆ ಬರುತ್ತಿತ್ತು. ಪುಸ್ತಕ ತೆಗೆದುಕೊಂಡು ವಕೀಲರ ಮೆಟ್ಟಿಲ ಕೆಳಗೆ ಹೋದೆ. ಅವರು ಎಲ್ಲವನ್ನೂ ಕೇಳಿದರು.

"ಅಂದ್ರ ಪೊಲೀಸರ ಮಷೀನು ಖರೇನ ಹೇಳ್ಯದ."

"ಹೌದು. ಆ ಗಳಿಗೆಯಲ್ಲಿ ಬಾಯಲ್ಲಿ ಏನಿತ್ತೋ ಅದನ್ನು ಹೇಳಿದೆ."

"ಈ ಮಾತು ಇಲ್ಲೇ ಬಿಡ್ರಿ. ಕೋರ್ಟನ್ಯಾಗ ನಾವು ಮಷೀನು ಸುಳ್ಳದ ಅಂತೀವಿ. ಅದರ ಕ್ಯಾಲಿಬ್ರೇಶನ್ ರಿಜಿಸ್ಟರ್ ತರ್ರಿ ಅಂತೀವಿ. ಅವರು ತರಂಗಿಲ್ಲ. ನೀವು ಬಿಡುಗಡೆ ಆದ್ರಿ."

"ಆದರೆ ಯಂತ್ರ ಸುಳ್ಳಲ್ಲವಲ್ಲ."

ಅವರು ನನ್ನ ಪುಸ್ತಕ ಮುಚ್ಚಿಟ್ಟರು. "ಸರ್, ನೀವು ಯಾರ ಪಾರ್ಟಿ?" ಎಂದರು.

ಮೊದಲ ದಿನ ಕೋರ್ಟಿನಲ್ಲಿ ನನ್ನಂಥವರು ಮೂವತ್ತು ಜನರಿದ್ದರು. ಒಬ್ಬೊಬ್ಬರನ್ನೇ ಕೂಗಿ, ಗುನಾಹ್ ಕಬೂಲ್ ಹೈ? ಎಂದು ಕೇಳುತ್ತಿದ್ದರು. ಕಬೂಲ್ ಎಂದವನು ಎಡಕ್ಕೆ ತಿರುಗಿ ದಂಡದ ಕಿಟಕಿಗೆ ಹೋಗುತ್ತಿದ್ದ. ಸಾಲು ಲೋಕಲ್ ಟ್ರೈನಿನ ಟಿಕೆಟಿನ ಸಾಲಿಗಿಂತ ವೇಗವಾಗಿ ಸರಿಯುತ್ತಿತ್ತು. ನನ್ನ ಸರದಿ ಬಂದಾಗ "ಕಬೂಲ್ ನಹೀ" ಎಂದೆ. ಅಲ್ಲಿಯವರೆಗೆ ಕಾಗದ ನೋಡುತ್ತಿದ್ದ ಮ್ಯಾಜಿಸ್ಟ್ರೇಟ್ ಮೇಡಂ ತಲೆಯೆತ್ತಿದರು. ಹಿಂದಿದ್ದವನು, "ಅಂಕಲ್, ಆಫೀಸಿಗೆ ಲೇಟಾಗುತ್ತೆ," ಎಂದ.

ವಕೀಲರು ಹೇಳಿದಂತೆಯೇ ಎರಡು ವರ್ಷ ಅಲೆದೆ. ಒಂದು ದಿನ ಸಬ್ ಇನ್‌ಸ್ಪೆಕ್ಟರ್ ಬಂದೋಬಸ್ತಿಗೆ ಹೋಗಿರುತ್ತಿದ್ದ. ಇನ್ನೊಂದು ದಿನ ಸರ್ಕಾರಿ ವಕೀಲರಿಗೆ ಜ್ವರ. ಮತ್ತೊಂದು ದಿನ ಮಳೆಯಿಂದ ಟ್ರೈನು ನಿಂತು ಯಾರೂ ಬಂದಿರಲಿಲ್ಲ, ನಾನು ಬಂದಿದ್ದೆ. ಈ ನಡುವೆ ಲೈಸೆನ್ಸ್ ಇಲ್ಲದ ನನ್ನಿಂದ ಕಾರು ಹೊರಗೆ ತೆಗೆಯಲಾಗುತ್ತಿರಲಿಲ್ಲ. ನಿಂತಲ್ಲೇ ಟೈರು ಕೂತುಹೋಗುತ್ತಿದ್ದವು. ಅದನ್ನು ನೋಡಲಾಗದೆ ಹೆಂಡತಿ, ಐವತ್ತೆರಡನೆಯ ವಯಸ್ಸಿನಲ್ಲಿ, ಸ್ಟೇಷನ್ ಹತ್ತಿರದ ಮೋಟರ್ ಟ್ರೈನಿಂಗ್ ಸ್ಕೂಲಿಗೆ ಸೇರಿದಳು.

ಕೊನೆಗೊಂದು ದಿನ ಸಬ್ ಇನ್‌ಸ್ಪೆಕ್ಟರ್ ಸಾಕ್ಷಿಗೆ ಬಂದ. ಈ ಮಧ್ಯೆ ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ನೋಡಿ ಪರಿಚಯದ ನಗೆ ನಕ್ಕ. ವಕೀಲರ ಲೆಕ್ಕ ತಪ್ಪಿತು. ಅವನು ರಿಜಿಸ್ಟರ್ ತಂದಿದ್ದ. ಯಂತ್ರವನ್ನು ಪ್ರತಿ ಆರು ತಿಂಗಳಿಗೊಮ್ಮೆ ಪರೀಕ್ಷಿಸಿದ ನಮೂದುಗಳು, ಎಂಟು ಸಾಲು, ಎಲ್ಲ ಸರಿಯಾಗಿದ್ದವು. ವಕೀಲರು ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು. ಅವರ ಮುಖ ಸಪ್ಪಗಾಯಿತು. ಮೇಡಂ ಅವರ ಅಪ್ಪಣೆ ಪಡೆದು ರಿಜಿಸ್ಟರನ್ನು ನನ್ನ ಹತ್ತಿರ ತಂದು ಮೆಲ್ಲಗೆ ಕೇಳಿದರು.

"ನೋಡ್ರಿ, ನಿಮ್ಮ ಲೈನಿನ ವಸ್ತು. ಏನರೆ ಕಾಣಸ್ತದೇನು?"

ನೋಡಿದ ತಕ್ಷಣ ಕಾಣಿಸಿತು. ನಾಲ್ಕು ವರ್ಷದ ಎಂಟು ಸಾಲುಗಳು, ಒಂದೇ ನೀಲಿ ಪೆನ್ನು, ಒಂದೇ ಓರೆ, ಎಲ್ಲೂ ಒಂದು ಕಾಟು ಹೊಡೆದ ಗುರುತಿಲ್ಲ. ಒಂದೇ ಮಧ್ಯಾಹ್ನ ಕೂತು ಬರೆದದ್ದು. ಇದು ನನಗೆ ಹೇಗೆ ಗೊತ್ತಾಯಿತೆಂದರೆ, ನಾನೂ ಬರೆದಿದ್ದೆ. ಆಡಿಟಿನವರು ಬರುವ ಮುನ್ನಾದಿನ, ಯಾವ ಯಾವ ಗೇಜಿನ ಪರೀಕ್ಷೆ ಬಿಟ್ಟುಹೋಗಿದೆಯೋ ಅವನ್ನೆಲ್ಲ ಹಿಂದಿನ ತಾರೀಖು ಹಾಕಿ ತುಂಬಿಸುವುದು ನಮ್ಮಲ್ಲಿ ವಾಡಿಕೆ. ಆದರೆ ನಾವು ಕನಿಷ್ಠ ಮೂರು ಪೆನ್ನು ಬಳಸುತ್ತಿದ್ದೆವು.

ಹೇಳದೆ ಇದ್ದುಬಿಡಬಹುದಿತ್ತು. ಸಬ್ ಇನ್‌ಸ್ಪೆಕ್ಟರ್ ಕಟಕಟೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆ ಅಕ್ಷರ ಅವನದ್ದಲ್ಲ ಎಂಬುದು ಅವನ ಸಹಿ ನೋಡಿದರೇ ತಿಳಿಯುತ್ತಿತ್ತು. ಚೌಕಿಯಲ್ಲಿ ಯಾರೋ ಒಬ್ಬ ನನ್ನಂಥವನು ಕೂತು ಬರೆದಿದ್ದ. ಆದರೂ ಹೇಳಿದೆ.

"ಒಂದೇ ಪೆನ್ನು."

ವಕೀಲರಿಗೆ ಅಷ್ಟು ಸಾಕಾಯಿತು. ಮುಂದಿನ ಅರ್ಧ ಗಂಟೆ ಅವರು ಆ ಮನುಷ್ಯನನ್ನು ಗೋಳು ಹೊಯ್ದುಕೊಂಡರು. ಪರೀಕ್ಷೆ ಮಾಡಿದ ಕಂಪನಿಯ ಸರ್ಟಿಫಿಕೇಟ್ ಎಲ್ಲಿ? ಗೊತ್ತಿಲ್ಲ. ಈ ಸಾಲನ್ನು ಬರೆದವರು ಯಾರು? ಗೊತ್ತಿಲ್ಲ. ಈ ತಾರೀಖು ಆಗಸ್ಟ್ ಹದಿನೈದು, ಆ ದಿನ ಯಾರು ಪರೀಕ್ಷೆ ಮಾಡಿದರು? ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಒಂದು ಗಣೇಶ ಚತುರ್ಥಿ ಇತ್ತು.

ಆ ದಿನ ಮನೆಗೆ ಬಂದು ಹೆಂಡತಿಗೆ ಮೂರು ಪೆನ್ನಿನ ವಿಷಯ ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿದಳು.

"ಔಷಧಿ ತಿಂದು ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಹಾಗೇನೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ," ಎಂದೆ. ಕಟಕಟೆಯಲ್ಲಿ ಅವನು ಹೇಳಿದ ಹಾಗೆಯೇ ಹೇಳಿದ್ದು ನನಗೇ ಕೇಳಿಸಿತು. ಕುಡಿದು ಸಿಕ್ಕಿಬಿದ್ದೆ ಎಂದ ದಿನ ಕೂಡ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

ಮುಂದಿನ ತಾರೀಖಿನಂದು ನಾನೇ ಸಾಕ್ಷಿ ಹೇಳುತ್ತೇನೆಂದೆ. ವಕೀಲರು ಕೈ ಮುಗಿದರು. "ಗೆದ್ದ ಕೇಸ್ ಅದ. ಆರೋಪಿ ಮಾತಾಡಬೇಕಂತ ಕಾನೂನಿಲ್ಲ. ಸುಮ್ಮ ಕುಂಡ್ರೀ ಸರ್." ನಾನು ಕೇಳಲಿಲ್ಲ. ಕಟಕಟೆ ಹತ್ತಿ ಸೀಸೆ, ಹೋಳಿಗೆ, ಮೂರು ದಿನದ ಪ್ರಯೋಗ ಎಲ್ಲವನ್ನೂ ಹೇಳಿದೆ. ವಕೀಲರು ಕಣ್ಣು ಮುಚ್ಚಿಕೊಂಡಿದ್ದರು. ಮೇಡಂ ಪೆನ್ನು ಕೆಳಗಿಟ್ಟರು.

"ಅಂದರೆ ಯಂತ್ರ ಸರಿಯಾಗಿತ್ತು ಅಂತ ನೀವೇ ಹೇಳ್ತಿದ್ದೀರಾ?"

"ಸರಿಯಾಗಿ ಇದ್ದಿರಬಹುದು ಮೇಡಂ. ಅದರ ರಿಜಿಸ್ಟರ್ ಸರಿಯಿಲ್ಲ, ಆದ್ದರಿಂದ ಖಚಿತವಾಗಿ ಹೇಳೋಕೆ ಆಗಲ್ಲ. ಆದರೆ ತಪ್ಪು ಯಂತ್ರದ್ದಲ್ಲ. ಬಾಯಿ ತೊಳೆಸಿ, ಹದಿನೈದು ನಿಮಿಷ ಕಾದು, ಮತ್ತೊಂದು ಸಲ ಅಳೀಬೇಕಿತ್ತು. ನಾನು ಕೇಳಿದ್ದು ಅಷ್ಟೇ."

"ಅಷ್ಟಕ್ಕೇ ಎರಡು ವರ್ಷ ಬಂದ್ರಾ?"

"ಹೌದು ಮೇಡಂ."

ಅವರು ಏನೋ ಬರೆದುಕೊಂಡರು. ಮೂರು ವಾರದ ನಂತರ ತೀರ್ಪು ಬಂತು. ಎರಡನೆಯ ಪರೀಕ್ಷೆ ನಡೆದಿಲ್ಲ, ಕೇಳಿದರೂ ರಕ್ತ ತೆಗೆದಿಲ್ಲ, ರಿಜಿಸ್ಟರನ್ನು ನಂಬುವಂತಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ. ಓದಿ ಮುಗಿಸಲು ಎರಡು ನಿಮಿಷ ಹಿಡಿಯಿತು.

ಹೊರಗೆ ಚಹಾದ ಅಂಗಡಿಯ ಹತ್ತಿರ ಸಬ್ ಇನ್‌ಸ್ಪೆಕ್ಟರ್ ಬೇರೆ ಯಾವುದೋ ಕೇಸಿಗೆ ಬಂದು ನಿಂತಿದ್ದ. ನಾನೇ ಹೋಗಿ ಮಾತಾಡಿಸಿದೆ. ಸಿಟ್ಟಿರಲಿಲ್ಲ ಅವನಿಗೆ. ರಿಜಿಸ್ಟರ್ ಬರೆದ ಹವಾಲ್ದಾರನಿಗೆ ಮೆಮೊ ಕೊಟ್ಟು ವಿಚಾರಣೆಗೆ ಕರೆದಿದ್ದಾರೆ ಎಂದ. ನಿವೃತ್ತಿಗೆ ಒಂದು ವರ್ಷ ಇದೆಯಂತೆ.

"ಯಂತ್ರ ಪರೀಕ್ಷೆಗೆ ಕಳಿಸಿ ಅಂತ ಅವರೇ ನಾಲ್ಕು ಸಲ ಮೇಲಿನವರಿಗೆ ಬರೆದಿದ್ದರು ಕಾಕಾ. ಉತ್ತರ ಬರಲಿಲ್ಲ. ರಿಜಿಸ್ಟರ್ ತನ್ನಿ ಅಂತ ಕೋರ್ಟಿಂದ ಬಂತು. ತುಂಬಿಸಿದರು."

ನಾಕಾಬಂದಿಯಲ್ಲಿ ಈಗ ಹೇಗೆ ಅಳೆಯುತ್ತೀರಿ ಎಂದು ಕೇಳಿದೆ.

"ಈಗ ನೀರು ಕೊಟ್ಟು ಹದಿನೈದು ನಿಮಿಷ ಕೂರಿಸ್ತೀನಿ. ಆ ಹದಿನೈದು ನಿಮಿಷ ಎಲ್ಲರೂ ನನ್ನ ಬೈತಾರೆ." ಚಹಾ ಕುಡಿದು ಲೋಟ ಇಟ್ಟ. "ಒಂದು ಮಾತು ಕೇಳ್ಲಾ? ನಿಜವಾಗ್ಲೂ ಕುಡಿದಿರಲಿಲ್ವಾ?"

ಇಲ್ಲ ಎಂದೆ. ಅವನು ತಲೆಯಾಡಿಸಿದ. ನಂಬಲಿಲ್ಲವೆಂದು ಕಾಣುತ್ತದೆ.

ಸೊಸೈಟಿಯ ಸೆಕ್ರೆಟರಿಯೂ ನಂಬಲಿಲ್ಲ. ಎಷ್ಟು ಕೊಟ್ಟು ಬಿಡಿಸಿಕೊಂಡಿರಿ ಎಂದು ಮೆಚ್ಚುಗೆಯಿಂದ ಕೇಳಿದ. ಷಡ್ಡಕರು ಮಾತ್ರ, ತೀರ್ಪಿನ ಪ್ರತಿಯನ್ನು ಪೂರ್ತಿ ಓದಿ, "ಹಾಗಾದ್ರೆ ನಿಜವಾಗ್ಲೂ ಬರೀ ಮಜ್ಜಿಗೆನಾ?" ಎಂದು ಪೆಚ್ಚಾದರು.

ಅದಾಗಿ ಎರಡು ತಿಂಗಳಿಗೆ ಕಾರ್ಖಾನೆಯಲ್ಲಿ ಆಡಿಟ್ ಬಂತು. ಹನ್ನೊಂದು ಗೇಜುಗಳ ಪರೀಕ್ಷೆ ಬಿಟ್ಟುಹೋಗಿತ್ತು. ನಾನು ಆ ಹನ್ನೊಂದು ಸಾಲುಗಳನ್ನು ಖಾಲಿ ಬಿಟ್ಟು, ಕೆಳಗೆ, ಮಾಡಿಲ್ಲ ಎಂದು ಬರೆದು ಸಹಿ ಹಾಕಿದೆ. ಆಡಿಟಿನವರು ಅದನ್ನು ದೊಡ್ಡ ದೋಷವೆಂದು ಬರೆದರು. ಮ್ಯಾನೇಜರು ಕರೆದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲವಲ್ಲ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಕೇಳಿದರು. ಹಿಂದಿನ ವರ್ಷಗಳದ್ದೂ ಹೀಗೆಯೇ ಇತ್ತು ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಹನ್ನೊಂದು ಗೇಜುಗಳನ್ನು ಆ ವಾರವೇ ನಿಜವಾಗಿ ಪರೀಕ್ಷಿಸಿದೆವು. ಅವುಗಳಲ್ಲಿ ಎರಡು ತಪ್ಪು ತೋರಿಸುತ್ತಿದ್ದವು. ಅವನ್ನು ಬದಲಾಯಿಸಿದರು. ನನ್ನನ್ನು ನಿವೃತ್ತಿಯವರೆಗೆ ಸ್ಟೋರಿಗೆ ಬದಲಾಯಿಸಿದರು.

ಲೈಸೆನ್ಸ್ ವಾಪಸ್ ಬಂದಾಗ ಅದರ ಅವಧಿ ಮುಗಿದಿತ್ತು. ಹೊಸದು ಮಾಡಿಸಲು ಇನ್ನೂ ಹೋಗಿಲ್ಲ. ಕಾರು ಈಗ ಹೆಂಡತಿ ಓಡಿಸುತ್ತಾಳೆ. ಗೇರ್ ಬದಲಿಸುವಾಗ ಸ್ವಲ್ಪ ಜರ್ಕ್ ಹೊಡೆಯುತ್ತದೆ. ಮೊನ್ನೆ ಬೊರಿವಲಿಯಿಂದ ಬರುವಾಗ ಎದುರು ಒಂದು ರಿಕ್ಷಾ ಅಡ್ಡ ಬಂತು. ನಾನು ಎಡಗಡೆಯ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತಿದೆ.

"ನೀವು ಸುಮ್ನೆ ಕೂತ್ಕೊಳ್ಳಿ," ಎಂದಳು.

ಕೂತೆ.